ಜಾತ್ರೆಯಲ್ಲಿ ಮಗನಿಗೆ ಕಂಡ ಅಪ್ಪ ಪೊಲೀಸರಿಗೆ ಯಾಕೆ ಕಾಣಲಿಲ್ಲ?

ಬಳ್ಳಾರಿ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ನಾನು ಜೀನ್ಸ್ ಪ್ಯಾಂಟ್ ಹೊಲಿಯುವವಳು. ಪೀಸಿಗಿಷ್ಟು ಅಂತ ಲೆಕ್ಕ. ಮಷಿನ್ ಮುಂದೆ ಕೂತರೆ ಕೂಲಿ, ಕೋರ್ಟಿಗೆ ಹೋದ ದಿನ ಇಲ್ಲ. ಮಗ ಏಳನೇ ಕ್ಲಾಸು. ಅವನ ಅಪ್ಪ ನಮ್ಮನ್ನು ಬಿಟ್ಟು ಆರು ವರ್ಷ ಆಯಿತು.

2022ರಲ್ಲಿ ಮಗನಿಗೆ ತಿಂಗಳಿಗೆ ಮೂರು ಸಾವಿರ ಜೀವನಾಂಶ ಕೊಡಬೇಕು ಅಂತ ಆದೇಶ ಆಯಿತು. ನಾಲ್ಕು ತಿಂಗಳು ಕೊಟ್ಟ, ನಿಲ್ಲಿಸಿದ. ಬಾಕಿ ವಸೂಲಿಗೆ ಅರ್ಜಿ ಹಾಕಿದೆ. ವಾರಂಟ್ ಮೂರು ಸಲ ಹೊರಟಿತು. ಮೂರು ಸಲವೂ ಠಾಣೆಯಿಂದ ಒಂದೇ ಷರಾ ಹೊತ್ತು ವಾಪಸ್ ಬಂತು: "ಆಸಾಮಿ ಪತ್ತೆಯಾಗಿಲ್ಲ."

ಮೂರನೆಯದು ವಾಪಸ್ ಬಂದ ವಾರವೇ ನಮ್ಮೂರ ದುರ್ಗಮ್ಮನ ಸಿಡಿಬಂಡಿ ಜಾತ್ರೆ. ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನ ಬೂಟು ಹೆಬ್ಬೆರಳ ಹತ್ತಿರ ತೂತು ಬಿದ್ದಿತ್ತು. ಒಳಗೆ ಜೀನ್ಸ್ ತುಂಡು ಇಟ್ಟು ಹೊಲಿದು ಕೊಟ್ಟಿದ್ದೆ. ಜನರ ನಡುವೆ ಹುಡುಗ ಗಕ್ಕನೆ ನಿಂತ. "ಅಮ್ಮಾ, ಅಲ್ಲಿ ಅಪ್ಪ." ಬೆಂಡು ಬತ್ತಾಸಿನ ಅಂಗಡಿ ಮುಂದೆ ಹೊಸ ಶರ್ಟು ಹಾಕಿಕೊಂಡು ನಿಂತಿದ್ದ. ಹತ್ತು ಹೆಜ್ಜೆ ಆಚೆಗೆ ಬಂದೋಬಸ್ತಿನ ಪೊಲೀಸರು. ಓಡಿದೆ. ವಾರಂಟಿನ ನಕಲು ನನ್ನ ಬ್ಯಾಗಲ್ಲೇ ಇತ್ತು, ತೋರಿಸಿದೆ. "ಇವತ್ತು ಜಾತ್ರೆ ಡ್ಯೂಟಿ, ನಾಳೆ ಸ್ಟೇಷನ್ನಿಗೆ ಬಾರಮ್ಮ" ಅಂದರು. ತಿರುಗಿ ನೋಡುವಷ್ಟರಲ್ಲಿ ಅವನಿಲ್ಲ. ಮಾರನೇ ದಿನ ಕೂಲಿ ಬಿಟ್ಟು ಹೋದೆ. "ವಿಳಾಸ ಸರಿ ತಗೊಂಡು ಬಾ" ಅಂದರು. ವಿಳಾಸ ಹುಡುಕುವುದೂ ನನ್ನ ಕೆಲಸವೇ, ಸ್ವಾಮಿ?

ಕಾನೂನು ನಿಮಗೆ ನಾನು ಹೇಳಬೇಕಾಗಿಲ್ಲ. ಜೀವನಾಂಶದ ಹಳೇ ಕಾನೂನು ಸಿಆರ್‌ಪಿಸಿ 125ನೇ ಕಲಂ ಹೋಗಿ 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಅಪ್ಪನ ಹೊಣೆ ಹಾಗೇ ಇದೆ. ಬಾಕಿ ಇಟ್ಟ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ. ಆದರೆ ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ದುಡ್ಡಿಗೆ ವಾರಂಟೇ ಇಲ್ಲ. ಅದಕ್ಕೇ ಪದೇ ಪದೇ ಅರ್ಜಿ ಹಾಕುತ್ತಿದ್ದೇನೆ. ನನಗೆ ಗಡುವು ಇದೆ, ಹುಡುಕಬೇಕಾದವರಿಗೆ ಯಾವ ಗಡುವೂ ಇಲ್ಲ. ಇದು ನ್ಯಾಯ ಅಲ್ಲ.

ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರದವರು ಪುಕ್ಕಟೆ ಕೊಟ್ಟರು, ಅವರ ಉಪಕಾರ ಮರೆಯುವುದಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಕೊಡುತ್ತಾರೆ. ಇದನ್ನು ಓದುವ ಅಕ್ಕತಂಗಿಯರಿಗೆ ಗೊತ್ತಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ. ಕೋರ್ಟಿನ ತನಕ ದಾರಿ ಇದೆ. ಆದೇಶ ಕೈಗೆ ಬಂದ ಮೇಲೆ ದಾರಿ ಇಲ್ಲ.

ನಾನು ಕೇಳುವುದು ಇಷ್ಟೇ. ಜಿಲ್ಲೆಯ ಕೆಲಸಗಳ ಲೆಕ್ಕ ನೋಡುವ ಮುಂದಿನ ಕೆಡಿಪಿ ಸಭೆಯಲ್ಲಿ ಪೊಲೀಸ್ ಅಧಿಕಾರಿಗಳನ್ನು ಕೇಳಿ: ಜೀವನಾಂಶದ ವಾರಂಟ್ ಯಾವ ಠಾಣೆಯಲ್ಲಿ ಎಷ್ಟು ಬಾಕಿ ಬಿದ್ದಿವೆ? ಕುಡಿಯುವ ನೀರಿನ ಲೆಕ್ಕ ಕೇಳುತ್ತೀರಿ, ರಸ್ತೆ ಲೆಕ್ಕ ಕೇಳುತ್ತೀರಿ. ಇದನ್ನೂ ಕೇಳಿ. ಪತ್ತೆಯಾಗಿಲ್ಲ ಅಂತ ಬರೆಯುವವರು ಯಾವತ್ತು, ಎಲ್ಲಿ ಹುಡುಕಿದರು ಅಂತಲೂ ಬರೆಯಲಿ. ವಾರಂಟ್ ಜಾರಿ ಮಾಡಿಸಿ. ಬೇರೇನೂ ಬೇಡ, ಜಾರಿ ಮಾಡಿಸಿ.

ನನ್ನ ಮುಂದಿನ ವಾಯಿದೆ ಇದೇ 18ಕ್ಕೆ. ಅವತ್ತು ಮತ್ತೆ ಅದೇ ಷರಾ ನನಗೆ ಓದಿಸಬೇಡಿ.

ಇಂತಿ,
ಒಬ್ಬ ತಾಯಿ, ಬಳ್ಳಾರಿ