ಹಾಸಿಗೆ ಹಿಡಿದವರ ಸೇವೆಗೆ ಕೈಜೋಡಿಸಿ: ಸಂತ ವಿನ್ಸೆಂಟರ ಹಬ್ಬದ ಮನವಿ

ಕ್ರಿಸ್ತನಲ್ಲಿ ಪ್ರಿಯ ಸಹೋದರ ಸಹೋದರಿಯರೇ, ನೆರೆಹೊರೆಯ ಬಂಧುಗಳೇ,

ಸೆಪ್ಟೆಂಬರ್ 27 ಬಡವರ ಸೇವೆಗೆ ಬಾಳನ್ನೇ ಮುಡಿಪಿಟ್ಟ ಫ್ರಾನ್ಸಿನ ಗುರು ಸಂತ ವಿನ್ಸೆಂಟ್ ದೆ ಪೌಲರ ಹಬ್ಬ. ಅದಕ್ಕೆ ಮುಂಚಿನ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು ಇಗರ್ಜಿಯ ಬಾಗಿಲಲ್ಲಿ ಕಾಣಿಕೆ ಡಬ್ಬಿ ಹಿಡಿದು ನಿಂತಿರುತ್ತೇವೆ. ಈ ಸಲ ಕೇಳುತ್ತಿರುವುದು ಒಂದೇ ಕೆಲಸಕ್ಕೆ: ಹಾಸಿಗೆ ಹಿಡಿದ ಬಡ ಹಿರಿಯರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವುದಕ್ಕೆ. ಈ ಕೆಲಸ ಎಂಥದ್ದು, ಇದನ್ನು ನಾವು ಯಾಕೆ ಇಷ್ಟು ಸಂತೋಷದಿಂದ ಮಾಡುತ್ತೇವೆ ಎಂಬುದು ಕೊಡುವವರಿಗೆ ಗೊತ್ತಿರಬೇಕು. ಅದಕ್ಕೇ ಈ ಪತ್ರ.

ಪವಿತ್ರತೆ ಎಂದರೆ ಗುರುಗಳಿಗೂ ಸಿಸ್ಟರುಗಳಿಗೂ ಬಿಟ್ಟ ವಿಷಯ, ಸಂಸಾರಸ್ಥರಾದ ನಮಗೆ ಭಾನುವಾರದ ಪೂಜೆ, ಸಂಜೆಯ ಜಪಸರ, ತಪಸ್ಸುಕಾಲದ ಉಪವಾಸ ಸಾಕು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಪವಿತ್ರರಾಗಿ ಬಾಳುವ ಕರೆ ಪ್ರತಿಯೊಬ್ಬ ವಿಶ್ವಾಸಿಗೂ ಇದೆ ಎಂದು ಜಗತ್ತಿನ ಕಥೋಲಿಕ ಬಿಷಪರೆಲ್ಲ ಕೂಡಿದ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲೇ ಸ್ಪಷ್ಟವಾಗಿ ಸಾರಿದೆ. ನಮ್ಮ ಸಭೆ ಹುಟ್ಟಿದ್ದಂತೂ ಒಬ್ಬ ಕಾಲೇಜು ಹುಡುಗನಿಂದ.

1833ರ ಏಪ್ರಿಲ್, ಪ್ಯಾರಿಸ್. ಹಿಂದಿನ ವರ್ಷವಷ್ಟೇ ಕಾಲರಾ ಬಂದು ಸಾವಿರಾರು ಜನರನ್ನು ಕೊಂಡೊಯ್ದಿತ್ತು. ಕಾನೂನು ಓದುತ್ತಿದ್ದ ಫ್ರೆಡರಿಕ್ ಓಝಾನಮ್‌ಗೆ ಆಗ ಇಪ್ಪತ್ತು ವರ್ಷ. ಧರ್ಮಸಭೆ ಹಿಂದೆ ಏನೋ ಮಾಡಿರಬಹುದು, ಈಗ ನೀವು ಬಡವರಿಗಾಗಿ ಏನು ಮಾಡುತ್ತಿದ್ದೀರಿ ಎಂದು ಚರ್ಚಾಕೂಟದಲ್ಲಿ ಎದುರಾಳಿಗಳು ಕೇಳಿದ ಪ್ರಶ್ನೆ ಅವನಿಗೆ ನಾಟಿತು. ಚಳಿಗಾಲಕ್ಕೆಂದು ತಂದಿಟ್ಟು ಉಳಿದಿದ್ದ ಸೌದೆಯನ್ನು ಗೆಳೆಯನೊಬ್ಬನ ಜತೆ ಹೊತ್ತುಕೊಂಡು ಹೋಗಿ ಒಂದು ಬಡ ಕುಟುಂಬಕ್ಕೆ ಕೊಟ್ಟು ಬಂದ. ಅವನೂ ಅವನ ಗೆಳೆಯರೂ ಸೇರಿ ಕಟ್ಟಿದ್ದೇ ನಮ್ಮ ಈ ಸಭೆ. ಬಡವರ ಮನೆಗೆ ಹೇಗೆ ಹೋಗಬೇಕು, ಅವರ ಮಾನಕ್ಕೆ ಕುಂದು ಬಾರದಂತೆ ಹೇಗೆ ಮಾತಾಡಬೇಕು ಎಂಬುದನ್ನು ಆ ಹುಡುಗರಿಗೆ ಕಲಿಸಿದವರು ಪ್ಯಾರಿಸ್ಸಿನ ಬಡವರ ನಡುವೆ ಸೇವೆ ಮಾಡುತ್ತಿದ್ದ ಸಿಸ್ಟರ್ ರೊಸಾಲಿ ರಾಂದು. ಓಝಾನಮ್ ಮುಂದೆ ಸೊರ್ಬೋನ್‌ನಲ್ಲಿ ಪ್ರಾಧ್ಯಾಪಕರಾದರು, ಮದುವೆಯಾದರು, ಒಬ್ಬ ಮಗಳ ತಂದೆಯಾದರು. 1853ರಲ್ಲಿ ನಲವತ್ತನೇ ವಯಸ್ಸಿನಲ್ಲಿ ತೀರಿಕೊಂಡರು. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲರು ಅದೇ ಪ್ಯಾರಿಸ್ಸಿನಲ್ಲಿ ಅವರನ್ನು ಪುನೀತರ ಸಾಲಿಗೆ, ಅಂದರೆ ಸಂತ ಪದವಿಗೆ ಮುಂಚಿನ ಮೆಟ್ಟಿಲಿಗೆ, ಸೇರಿಸಿದರು. ಪಾಠ ಹೇಳುತ್ತ, ಮನೆ ನಡೆಸುತ್ತ, ಬಡವರ ಮೆಟ್ಟಿಲು ಹತ್ತುತ್ತ ಬಾಳಿದ ಜೀವ ಅದು.

ನಾವು ಇಂದಿಗೂ ಅವರು ಹಾಕಿಕೊಟ್ಟ ರೀತಿಯಲ್ಲೇ ಇಬ್ಬಿಬ್ಬರಾಗಿ ಮನೆ ಭೇಟಿಗೆ ಹೋಗುತ್ತೇವೆ, ಜಾತಿ ಮತ ಕೇಳುವುದಿಲ್ಲ. ಒಂದು ಮನೆಯ ಮಾತು ಹೇಳುತ್ತೇವೆ. ಅಜ್ಜಿಗೆ ಪಾರ್ಶ್ವವಾಯು. ಮಗಳು ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಲೇ ತಾಯಿಯ ಮೇಲೊಂದು ಕಣ್ಣಿಟ್ಟಿರುತ್ತಾಳೆ. ಮಲಗಿದ್ದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ. ಎಷ್ಟು ಸಲ ಎದ್ದರೆ ಅಷ್ಟು ಬೀಡಿ ಕಡಿಮೆ, ಅಷ್ಟು ಕೂಲಿ ಕಡಿಮೆ. ನಮ್ಮ ಸದಸ್ಯೆಯೊಬ್ಬರು ಹುಣ್ಣು ತೊಳೆದು, ಔಷಧಿ ಹಚ್ಚಿ, ಎಣ್ಣೆ ಹಾಕಿ ಅಜ್ಜಿಯ ತಲೆ ಬಾಚುತ್ತಾರೆ. ಮುಗಿಯುವುದೇ ತಡ, ಅಜ್ಜಿ ಮಗಳನ್ನು ಗದರುತ್ತಾರೆ: “ಬಾಯಮ್ಮನಿಗೆ ಚಾ ಕೊಟ್ಟೆಯಾ ಇಲ್ಲವಾ?”

ಆ ಚಾ ಕುಡಿಯುವಾಗ ಸಿಗುವ ಸಂತೋಷ ಬೇರೆ ಎಲ್ಲೂ ಸಿಗುವುದಿಲ್ಲ. ಮೊದಮೊದಲು ಹುಣ್ಣಿನ ವಾಸನೆಗೆ ಹೊಟ್ಟೆ ತೊಳಸುವುದು ನಿಜ. ಅಸ್ಸಿಸಿಯ ಸಂತ ಫ್ರಾನ್ಸಿಸರೂ ತಮ್ಮ ಕೊನೆಗಾಲದಲ್ಲಿ ಇದನ್ನೇ ಬರೆಸಿದರು: ಕುಷ್ಠರೋಗಿಗಳನ್ನು ನೋಡುವುದೇ ತಮಗೆ ಕಹಿಯಾಗಿತ್ತು, ಅವರ ನಡುವೆ ಹೋದ ಮೇಲೆ ಆ ಕಹಿಯೇ ಸಿಹಿಯಾಯಿತು ಎಂದು. ರೋಗಿಯನ್ನು ಕಾಣಲು ಬಂದಿರಿ, ಅದು ನನಗೇ ಮಾಡಿದ್ದು ಎಂದು ಪ್ರಭು ಯೇಸು ಹೇಳಿದ ಮೇಲೆ ಅನುಮಾನಕ್ಕೆ ಎಡೆ ಎಲ್ಲಿದೆ? ನಾವು ಪ್ರಭುವನ್ನೇ ನೋಡಲು ಹೋಗುತ್ತೇವೆ. ಸಂತೋಷವಾಗದೆ ಇನ್ನೇನಾದೀತು!

ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜರ್ಮನಿಯಿಂದ ಬಂದ ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಹೋಮಿಯೋಪತಿ ಔಷಧಿ ಕೊಡಲು ಕೂತವರು, 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಕಟ್ಟಿದವರು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಪ್ರಭು ಅವರನ್ನು ಕರೆದುಕೊಂಡರು.

ಈಗ ಖರ್ಚಿನ ಮಾತು. ದೊಡ್ಡವರ ಡೈಪರ್ ಹತ್ತರ ಒಂದು ಪ್ಯಾಕಿಗೆ ಸುಮಾರು 400 ರೂಪಾಯಿ, ಅದು ನಾಲ್ಕೈದು ದಿನವೂ ಬರುವುದಿಲ್ಲ. ಹುಣ್ಣಾಗದಂತೆ ತಡೆಯುವ ಏರ್ ಬೆಡ್‌ಗೆ ಸುಮಾರು 3,000. ಇವಲ್ಲದೆ ಗಾಜ್ ಬಟ್ಟೆ, ಮುಲಾಮು, ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ, ಆಸ್ಪತ್ರೆಗೆ ಹೋಗಿಬರುವ ರಿಕ್ಷಾ ಬಾಡಿಗೆ, ಕೂಲಿ ತಪ್ಪಿದ ವಾರಕ್ಕೆ ಅಕ್ಕಿ ಬೇಳೆ. ನೂರು ರೂಪಾಯಿಯೂ ನಮಗೆ ದೊಡ್ಡದೇ. ತೀರಿಕೊಂಡ ಹಿರಿಯರ ಹೆಸರಲ್ಲಿ, ಮಕ್ಕಳ ಹುಟ್ಟುಹಬ್ಬದ ಲೆಕ್ಕದಲ್ಲಿ ಒಂದು ಮನೆಯ ತಿಂಗಳ ಖರ್ಚನ್ನು ವಹಿಸಿಕೊಳ್ಳಬಹುದು. ನಿಮ್ಮ ಅಟ್ಟದಲ್ಲಿ ಧೂಳು ಹಿಡಿಯುತ್ತಿರುವ ವೀಲ್‌ಚೇರ್, ವಾಕರ್, ಕಮೋಡ್ ಕುರ್ಚಿ ಇದ್ದರೆ ದಯವಿಟ್ಟು ಕೊಡಿ, ತೊಳೆದು ರಿಪೇರಿ ಮಾಡಿಸುವ ಕೆಲಸ ನಮ್ಮದು. ಬಳಸಿ ಉಳಿದ ಔಷಧಿ ಮಾತ್ರ ಬೇಡ.

ಕೊಟ್ಟ ಹಣಕ್ಕೆ ಧರ್ಮಕೇಂದ್ರದ ಕಚೇರಿಯಲ್ಲಿ ರಸೀದಿ ಸಿಗುತ್ತದೆ. ತಿಂಗಳ ಜಮಾ ಖರ್ಚು ಇಗರ್ಜಿಯ ನೋಟಿಸ್ ಬೋರ್ಡಿನಲ್ಲಿರುತ್ತದೆ. ಯಾವ ಮನೆಗೆ ಏನು ಹೋಯಿತು ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ, ದಾನಿಗಳಿಗೂ ಇಲ್ಲ. ಫೋಟೋ ತೆಗೆಯುವುದೂ ಇಲ್ಲ. ನಮ್ಮ ಕೂಟದಲ್ಲೂ ಕೊನೆಗೆ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ. ಯಾರು ಎಷ್ಟು ಹಾಕಿದರೆಂದು ಪಕ್ಕದವರಿಗೂ ತಿಳಿಯದು. ಸಂತೋಷವಾಗಿ ಕೊಡುವವರನ್ನು ದೇವರು ಪ್ರೀತಿಸುತ್ತಾರೆ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದರಲ್ಲ, ಹಾಗೆ ಕೊಡಿ. ಯಾರ ದಾಕ್ಷಿಣ್ಯಕ್ಕೂ ಬೇಡ.

ಹಣಕ್ಕಿಂತಲೂ ನಮಗೆ ಜನ ಕಡಿಮೆ. ಕೆಲಸದಿಂದ ನಿವೃತ್ತರಾದವರು, ಕಾಲೇಜು ಮಕ್ಕಳು, ನರ್ಸಿಂಗ್ ಕಲಿತವರು ಒಂದು ಭಾನುವಾರ ನಮ್ಮ ಜತೆ ಬನ್ನಿ. ಹೆಸರು ಬರೆಸುವ ಮೊದಲು ಒಂದು ಮನೆ ನೋಡಿ, ಆಮೇಲೆ ನಿಮ್ಮ ಇಷ್ಟ. ಪ್ರಾರ್ಥಿಸುವವರೂ ಬೇಕು, ಹಾಸಿಗೆಯಲ್ಲೇ ಇರುವ ಕೆಲವರು ನಮಗಾಗಿ ದಿನಾ ಜಪಸರ ಹೇಳುತ್ತಾರೆ, ಅದು ನಮ್ಮ ದೊಡ್ಡ ಆಸ್ತಿ.

ನಿಮ್ಮ ವಾರ್ಡಿನಲ್ಲಿ ಕಷ್ಟವನ್ನು ಯಾರಿಗೂ ಹೇಳಿಕೊಳ್ಳದೆ ರೋಗಿಯನ್ನು ನೋಡಿಕೊಳ್ಳುತ್ತಿರುವ ಮನೆಯಿದ್ದರೆ ವಾರ್ಡಿನ ಮುಖಂಡರಾದ ಗುರಿಕಾರರ ಕಿವಿಗೆ ಹಾಕಿ. ಅದೇ ವಾರ ನಮ್ಮಲ್ಲಿಬ್ಬರು ಹೋಗಿ ನೋಡಿ ಬರುತ್ತೇವೆ.

ಪ್ರಭುವಿನ ಸೇವೆಯಲ್ಲಿ,
ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರು