ಖಾಸಗಿ ದಾರಿಯಷ್ಟೇ ಸಾಲದು, ಹೊರಬಾಗಿಲನ್ನೂ ಮುಚ್ಚಿ

ಮಾನ್ಯ ಸಂಪಾದಕರೇ,

ನಮ್ಮ ಸಹಕಾರ ಸಂಘದ ಮಹಾಸಭೆಯಲ್ಲಿ ತಂತ್ರಾಂಶ ಸಂಸ್ಥೆಯ ಪ್ರತಿನಿಧಿಯೊಬ್ಬರು, ಸದಸ್ಯರ ದಾಖಲೆಗಳೆಲ್ಲ ಕ್ಲೌಡ್‌ಗೆ, ಅಂದರೆ ಇಂಟರ್‌ನೆಟ್ ಮೂಲಕ ಬಳಸುವ ಬೇರೆ ಕಂಪನಿಯ ಕಂಪ್ಯೂಟರ್‌ಗಳಿಗೆ, ಹೋಗಿವೆ, ‘ಪ್ರೈವೇಟ್ ಎಂಡ್‌ಪಾಯಿಂಟ್’ ಇರುವುದರಿಂದ ಚಿಂತೆ ಬೇಡ ಎಂದರು. ‘ಇಂಟರ್‌ನೆಟ್ ಕಡೆಯ ಪ್ರವೇಶವನ್ನು ಮುಚ್ಚಿದ್ದೀರಾ?’ ಎಂದು ಕೇಳಿದೆ. ಉತ್ತರ ಬರುವ ಮೊದಲೇ ಸಭೆ ಲಾಭಾಂಶದ ಚರ್ಚೆಗೆ ಹೊರಳಿತು. ಬೆಂಗಳೂರಿನ ಕಂಪನಿಯೊಂದಕ್ಕೆ ಸಿದ್ದಾಪುರದ ಮನೆಯಿಂದಲೇ ನೆಟ್‌ವರ್ಕ್ ಕೆಲಸ ಮಾಡುವ ನನಗೆ ಆ ಪ್ರಶ್ನೆಯನ್ನು ಅಲ್ಲಿಗೇ ಬಿಡಲು ಮನಸ್ಸಿಲ್ಲ. ಆಧಾರ್, ಪಹಣಿ, ಬೆಳೆಸಾಲದ ಬಾಕಿ ಎಲ್ಲವೂ ಅಲ್ಲಿವೆ.

ಪ್ರೈವೇಟ್ ಎಂಡ್‌ಪಾಯಿಂಟ್ ಎಂದರೆ ಕ್ಲೌಡ್‌ನಲ್ಲಿರುವ ಡೇಟಾಬೇಸ್‌ಗೆ ನಮ್ಮದೇ ಖಾಸಗಿ ನೆಟ್‌ವರ್ಕ್‌ನ ಒಂದು ವಿಳಾಸ ಕೊಡುವುದು. 10 ಅಥವಾ 192.168ರಿಂದ ಆರಂಭವಾಗುವ ಇಂಥ ವಿಳಾಸಗಳು ಇಂಟರ್‌ನೆಟ್‌ನಲ್ಲಿ ಸಂಚರಿಸುವುದಿಲ್ಲ. 1990ರ ದಶಕದಿಂದಲೂ ಅವು ಒಳಬಳಕೆಗೇ ಮೀಸಲು. ಸಂಘದ ಕಚೇರಿಯಿಂದ ವಿಪಿಎನ್ (ಇಂಟರ್‌ನೆಟ್ ಮೇಲೆಯೇ ಹಾಕುವ ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕ ಆ ವಿಳಾಸ ತಲುಪಬಹುದು. ಅದು ಕ್ಲೌಡ್ ಕಂಪನಿಯ ಇಡೀ ಸೇವೆಗಲ್ಲ, ನಿರ್ದಿಷ್ಟವಾಗಿ ನಮ್ಮ ಡೇಟಾಬೇಸ್‌ಗೇ ಜೋಡಣೆಯಾಗಬಲ್ಲದು. ನಿಜಕ್ಕೂ ಒಳ್ಳೆಯ ವ್ಯವಸ್ಥೆ.

ಆದರೆ ಅದನ್ನು ಹಾಕಿದ ಮಾತ್ರಕ್ಕೆ ಇಂಟರ್‌ನೆಟ್‌ನಿಂದ ತಲುಪಬಹುದಾದ ಹಳೆಯ ಸಾರ್ವಜನಿಕ ವಿಳಾಸ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಉದಾಹರಣೆಗೆ, ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆಯಾದ ಅಜೂರ್‌ನ ಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಸಾರ್ವಜನಿಕ ಪ್ರವೇಶವನ್ನು ಪ್ರತ್ಯೇಕವಾಗಿ ನಿಷ್ಕ್ರಿಯಗೊಳಿಸಬೇಕು. ಇಲ್ಲದಿದ್ದರೆ ತೋಟದ ಹಿಂದೆ ಹೊಸ ದಾರಿ ಮಾಡಿ, ರಸ್ತೆ ಬದಿಯ ಗೇಟಿಗೆ ಬೀಗ ಹಾಕದೆ ಬಿಟ್ಟಂತೆ.

ಕೊಡಗಿನಲ್ಲಿ ಈ ಅಪಾಯ ಮಳೆಗಾಲಕ್ಕೆ ಹೆಚ್ಚು. ಜೂನ್ ಬಂತೆಂದರೆ ಮರ ಬಿದ್ದು ತಂತಿ ತುಂಡಾಗುತ್ತದೆ, ಕರೆಂಟು ಹೋಗುತ್ತದೆ, ಅದರೊಂದಿಗೆ ಕಚೇರಿಯ ವಿಪಿಎನ್ ಕೂಡ. ಕೌಂಟರಿನ ಮುಂದೆ ಬೆಳೆಗಾರರು ಕಾಯುತ್ತಿರುತ್ತಾರೆ. ಆಗ ಯಾರೋ ‘ಎರಡು ದಿನದ ಮಟ್ಟಿಗೆ’ ಎಂದು ಸಾರ್ವಜನಿಕ ಪ್ರವೇಶ ತೆರೆಯುತ್ತಾರೆ. ಮಳೆ ನಿಂತು ಕಾಫಿ ಕೊಯ್ಲು ಶುರುವಾದರೂ ಅದನ್ನು ಮುಚ್ಚುವವರಿರುವುದಿಲ್ಲ. ಇದಕ್ಕೆ ಪರಿಹಾರ ಇಲ್ಲದಿಲ್ಲ: ಸಿಬ್ಬಂದಿಯ ಲ್ಯಾಪ್‌ಟಾಪ್‌ಗಳಿಗೆ ಪ್ರತ್ಯೇಕ ವಿಪಿಎನ್ ಕೊಟ್ಟರೆ ಮೊಬೈಲ್ ಸಿಗ್ನಲ್ ಇರುವಲ್ಲಿಂದ ಅದೇ ಖಾಸಗಿ ವಿಳಾಸಕ್ಕೆ ಹೋಗಬಹುದು. ಮಳೆಗೆ ಮುನ್ನವೇ ಇದನ್ನು ಸಿದ್ಧಪಡಿಸಬೇಕು.

ಪರೀಕ್ಷೆ ಕಷ್ಟವಲ್ಲ. ಕಚೇರಿಯ ಕಂಪ್ಯೂಟರ್‌ನಲ್ಲಿ ಡೇಟಾಬೇಸ್‌ನ ಹೆಸರಿಗೆ ಯಾವ ವಿಳಾಸವಿದೆ ಎಂದು ಹುಡುಕಿದಾಗ ಖಾಸಗಿ ವಿಳಾಸವೇ ಬರಬೇಕು. ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆ ಸರಿಯಾಗಿಲ್ಲದಿದ್ದರೆ ಎಂಡ್‌ಪಾಯಿಂಟ್ ಇದ್ದೂ ಬಳಕೆಗೆ ಬರುವುದಿಲ್ಲ. ಆಮೇಲೆ ವಿಪಿಎನ್ ಇಲ್ಲದೆ, ಮೊಬೈಲ್ ಇಂಟರ್‌ನೆಟ್‌ನಿಂದ ಸರಿಯಾದ ಪಾಸ್‌ವರ್ಡ್ ಹಾಕಿಯೇ ಪ್ರಯತ್ನಿಸಬೇಕು. ಸಂಪರ್ಕ ನಿರಾಕರಣೆಯಾಗಬೇಕು. ಹೊರಗಿನಿಂದ ಹೆಸರಿಗೆ ಸಾರ್ವಜನಿಕ ವಿಳಾಸ ಕಾಣಿಸಿದರೆ ಗಾಬರಿ ಬೇಡ, ಒಳಗೆ ಬಿಡುತ್ತದೆಯೇ ಎಂಬುದೇ ಮುಖ್ಯ.

ಖರ್ಚಿನ ನೆಪವನ್ನು ನಾನು ಒಪ್ಪುವುದಿಲ್ಲ. ಎಂಡ್‌ಪಾಯಿಂಟ್‌ನ ಮೂಲ ಬಾಡಿಗೆ ಗಂಟೆಗೆ ಸುಮಾರು ಒಂದು ಅಮೆರಿಕನ್ ಸೆಂಟ್. ವಿಪಿಎನ್‌ನ ವೆಚ್ಚ ಅದಕ್ಕಿಂತ ಹೆಚ್ಚು, ನಿಜ. ಆದರೆ ಸದಸ್ಯರ ಮಾಹಿತಿ ಕಾಯುವುದು ಸಂಘದ ಕರ್ತವ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಸೂಕ್ತ ಭದ್ರತಾ ಕ್ರಮಗಳನ್ನು ಕೈಗೊಳ್ಳಬೇಕೆಂಬ ನಿಯಮವಿದೆ.

ಸಾರ್ವಜನಿಕ ಪ್ರವೇಶ ಮುಚ್ಚಿರುವ ಬಗ್ಗೆ ಲಿಖಿತ ದೃಢೀಕರಣ, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಸದಸ್ಯರ ಎದುರು ಪರೀಕ್ಷೆ: ಈ ಎರಡನ್ನೂ ಗುತ್ತಿಗೆ ಕರಾರಿನಲ್ಲಿ ಸೇರಿಸಬೇಕೆಂದು ನಮ್ಮ ಆಡಳಿತ ಮಂಡಳಿಗೆ ಅರ್ಜಿ ಕೊಟ್ಟಿದ್ದೇನೆ. ಜಿಲ್ಲೆಯ ಇತರ ಸಂಘಗಳ ಸದಸ್ಯರೂ ತಮ್ಮಲ್ಲಿ ಕೇಳಬೇಕೆಂದು ವಿನಂತಿ.

– ಸಹಕಾರ ಸಂಘದ ಸದಸ್ಯೆ, ಸಿದ್ದಾಪುರ, ಕೊಡಗು