ಡೆಬ್‌ಕಾನ್ಫ್ ಆಮೇಲೆ, ಮೊದಲು ಇಸ್ತ್ರಿ ಪೆಟ್ಟಿಗೆ: ದೋಸ್ತನಿಗೊಂದು ಪತ್ರ

ಲೇ ದೋಸ್ತ,

ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧಕ್ಕೇ "ಮೀಟಿಂಗ್ ಐತೆ, ಆಮೇಲೆ ಮಾಡ್ತೀನಿ" ಅಂತ ಕಟ್ ಮಾಡ್ತೀಯ, ಅದಕ್ಕೆ ಬರೀತಿದೀನಿ. ಎಲ್ಲರಿಗೂ ಕಾಣೋ ಹಂಗೆ ಯಾಕೆ ಹಾಕ್ತಿದೀನಿ ಅಂದ್ರೆ, ನಾಲ್ಕು ಜನ ಓದಿದ ಮೇಲೆ ನೀನು ಜಾರ್ಕೊಳ್ಳೋಕಾಗಲ್ಲ.

ದೀಪಾವಳಿಗೆ ಬಂದಾಗ ಬೆಣ್ಣೆದೋಸೆ ಎರಡನೇ ಪ್ಲೇಟ್ ಮುಗಿಸಿ ಕೈ ತೊಳೀತಾ ಏನಂದೆ ನೆನಪೈತಾ? "ಕೊಚ್ಚಿಗೆ ಬಂತಂತೆ, ನಮ್ಮ ದಾವಣಗೆರೆಗೆ ಯಾಕೆ ಬರಬಾರದು ಡೆಬ್‌ಕಾನ್ಫ್? ಬಿಡ್ ಹಾಕೇ ಬಿಡೋಣ." ಅಷ್ಟಂದು ನೀನು ರಾತ್ರಿ ಬಸ್ ಹತ್ತಿ ಹೋದೆ. ನಾನು ಮಳ್ಳ, ತಲೆಗೆ ಹಚ್ಕೊಂಡೆ. ಎರಡು ತಿಂಗಳಾಯ್ತು, ಮನೇಲಿ "ಯಾವ ಮದುವೆ ಕಾಂಟ್ರಾಕ್ಟ್ ಹಿಡಿದಿದೀಯೋ" ಅಂತ ಕೇಳೋ ಮಟ್ಟಕ್ಕೆ ಬಂದೈತೆ.

(ಬೇರೆಯವರು ಓದ್ತಿದ್ರೆ ಅವರಿಗೆ ಒಂದ್ಮಾತು. ಡೆಬಿಯನ್ ಅಂದ್ರೆ ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ಒಂದು ಆಪರೇಟಿಂಗ್ ಸಿಸ್ಟಂ, ಲಿನಕ್ಸ್ ಮೇಲೆ ಕಟ್ಟಿದ್ದು. 1993ರ ಆಗಸ್ಟ್‌ನಲ್ಲಿ ಇಯನ್ ಮರ್ಡಾಕ್ ಶುರು ಮಾಡಿದ್ದು, ಹೆಂಡ್ತಿಯಾಗೋಳಿದ್ದ ಡೆಬ್ರಾ ಹೆಸರಿಗೆ ತನ್ನ ಹೆಸರು ಸೇರಿಸಿ ಇಟ್ಟಿದ್ದು. ಇದರ ಹಿಂದೆ ಕಂಪನಿ ಅಂತ ಯಾವುದೂ ಇಲ್ಲ, ಜಗತ್ತಿನ ತುಂಬ ಇರೋ ವಾಲಂಟಿಯರ್‌ಗಳೇ ನಡೆಸ್ತಾರೆ. ಅವರೆಲ್ಲ ವರ್ಷಕ್ಕೊಮ್ಮೆ ಒಂದು ಊರಲ್ಲಿ ಸೇರೋದೇ ಡೆಬ್‌ಕಾನ್ಫ್. 2000ದಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಶುರುವಾಯ್ತು, 2023ರಲ್ಲಿ ಮೊದಲ ಸಲ ಇಂಡಿಯಾಕ್ಕೆ, ಕೊಚ್ಚಿಗೆ ಬಂತು, ಆಮೇಲೆ ಬುಸಾನ್, ಬ್ರೆಸ್ಟ್. ಎಲ್ಲಿ ನಡೀಬೇಕು ಅನ್ನೋದಕ್ಕೆ ಆಯಾ ಊರಿನ ತಂಡಗಳು ಬಿಡ್ ಹಾಕ್ತವೆ, ಒಂದು ಕಮಿಟಿ ಕೂತು ಪ್ರಶ್ನೆ ಕೇಳಿ ಆರಿಸುತ್ತೆ. ಟೆಂಡರ್ ಥರ ಮುಚ್ಚಿದ ಲಕೋಟೆ ಅಲ್ಲ, ಎಲ್ಲ ಬಯಲಲ್ಲೇ.)

ಮೊದಲು ನಾನೊಂದು ಡ್ರಾಫ್ಟ್ ಬರೆದೆ, 9 ಪುಟ. ಹವೆ ಚೆನ್ನಾಗೈತೆ, ಊಟ ಚೆನ್ನಾಗೈತೆ, ಜನ ಒಳ್ಳೆಯವರು, ಬೆಂಗಳೂರಿಂದ ಬೆಳಿಗ್ಗೆ ವಂದೇ ಭಾರತ್ ಹತ್ತಿದ್ರೆ ತಿಂಡಿ ಹೊತ್ತಿಗೆ ಇಲ್ಲಿ ಇಳೀಬಹುದು, ಯುಬಿಡಿಟಿ 1951ರ ಕಾಲೇಜು, ಬಿಐಇಟಿ 1979ರದ್ದು, ಹುಡುಗರಿಗೇನು ಬರ ಇಲ್ಲ, ಹಿಂಗೆ. ಇಂಥ ಕಾನ್ಫರೆನ್ಸ್‌ಗಳಲ್ಲಿ ಓಡಾಡಿ ಪಳಗಿದ ಒಬ್ಬ ಹಿರಿಯರಿಗೆ ಕಳಿಸಿದೆ. ಅವರು ಓದಿ, "ಲಗ್ನಪತ್ರಿಕೆ ಚೆನ್ನಾಗಿ ಬರೆದಿದೀಯಪ್ಪ" ಅಂದ್ರು. ಆಮೇಲೆ ಮೂರೇ ಪ್ರಶ್ನೆ ಕೇಳಿದ್ರು. ಹಾಲ್‌ನ ಪ್ಲಗ್‌ಗಳು ಎಷ್ಟು ಆಂಪ್ಸ್ ತಡೀತವೆ? ರಾತ್ರಿ 2 ಗಂಟೆಗೆ ಹ್ಯಾಕ್‌ಲ್ಯಾಬ್ (ಎಲ್ಲರೂ ಲ್ಯಾಪ್‌ಟಾಪ್ ಇಟ್ಕೊಂಡು ಹೊತ್ತಿಲ್ಲದೆ ಕೂತು ಕೆಲಸ ಮಾಡೋ ರೂಮು) ಬೀಗದ ಕೀ ಯಾರ ಹತ್ರ ಇರುತ್ತೆ? ದುಡ್ಡಿನ ಲೆಕ್ಕ ನೋಡೋನು ಮಧ್ಯದಲ್ಲಿ ಕೈ ಎತ್ತಿದ್ರೆ ಅವನ ಜಾಗಕ್ಕೆ ಯಾರು?

ಒಂದಕ್ಕೂ ನನ್ನ ಹತ್ರ ಉತ್ತರ ಇರಲಿಲ್ಲ.

ಮೊದಲನೇದು ಸುಲಭ ಅನ್ಕೊಂಡೆ. ಒಂದು ಕಾಲೇಜಿನ ಸೆಮಿನಾರ್ ಹಾಲ್ ನೋಡಿದ್ದೆ, ಹೆಸರು ಬೇಡ, ನಿನಗೆ ಗೊತ್ತಿರೋದೇ. ಲೆಕ್ಕ ಹಾಕು, ಒಂದು ಲ್ಯಾಪ್‌ಟಾಪ್ ಚಾರ್ಜರ್ 65 ವಾಟ್, 150 ಜನ ಒಟ್ಟಿಗೆ ಹಾಕಿದ್ರೆ ಹೆಚ್ಚುಕಮ್ಮಿ 10 ಸಾವಿರ ವಾಟ್. ಅಷ್ಟು ಲ್ಯಾಪ್‌ಟಾಪ್ ಎಲ್ಲಿಂದ ತರೋಣ? ಆದ್ರೆ ಒಂದು ಇಸ್ತ್ರಿ ಪೆಟ್ಟಿಗೆ 1000 ವಾಟ್, ಹತ್ತು ಪೆಟ್ಟಿಗೆ ಸಿಕ್ಕಿದ್ರೆ 150 ಡೆವಲಪರ್ ಬಂದು ಕೂತಂಗೆ! ನಮ್ಮನೇದೊಂದು, ಅತ್ತೆ ಮನೇದೊಂದು, ಉಳಿದಿದ್ದು ಹಾಸ್ಟೆಲ್ ಹುಡುಗರದ್ದು (ರೂಮಲ್ಲಿ ಇಸ್ತ್ರಿ ಪೆಟ್ಟಿಗೆ ಇಟ್ಕೊಳ್ಳಂಗಿಲ್ಲ ಅಂತ ರೂಲ್ಸ್ ಐತೆ, ಆದ್ರೂ ಎಂಟು ಹೊರಗೆ ಬಂದವು). ಭಾನುವಾರ ಮಧ್ಯಾಹ್ನ ಕಾಲೇಜಿನ ಎಲೆಕ್ಟ್ರಿಷಿಯನ್ ಅಣ್ಣನ್ನ ಕರ್ಕೊಂಡು ಹೋದೆ. ಪೆಟ್ಟಿಗೆ ಕಾದ ಮೇಲೆ ತಾನೇ ಆಫ್ ಆಗುತ್ತಲ್ಲ, ಹಂಗಾಗಬಾರದು ಅಂತ ಎಲ್ಲದರ ಕೆಳಗೂ ಒದ್ದೆ ಟವೆಲ್ ಹಾಸಿದ್ವಿ. ಎಡಗಡೆ ಗೋಡೆ ಸಾಲಿಂದ ಶುರು. ಒಂದು, ಎರಡು, ಮೂರು, ಹಾಲ್ ತುಂಬ ಹಬೆ, ಮದುವೆ ಮನೆ ಅಡುಗೆ ಕೋಣೆ ಥರ. ಆರನೇದು ಹಾಕಿ ಸ್ವಲ್ಪ ಹೊತ್ತಿಗೆ ಟಪ್ ಅಂತು, ಆ ಸಾಲೇ ಸತ್ತೋಯ್ತು. ಅಣ್ಣ ಬೋರ್ಡ್ ತೆಗೆದು ಟಾರ್ಚ್ ಬಿಟ್ಟು ನೋಡಿ, "ಇಡೀ ಗೋಡೆಗೆ ಒಂದೇ 16 ಆಂಪ್ಸ್ ಎಂಸಿಬಿ ಸರ್, ಲೋಡ್ ಜಾಸ್ತಿಯಾದ್ರೆ ತಾನೇ ಬೀಳೋ ಸ್ವಿಚ್ಚು. ಇದು ಭಾಷಣ ಕೇಳೋಕೆ ಕಟ್ಟಿದ ಹಾಲು, ಕೂತು ಕೆಲಸ ಮಾಡೋಕಲ್ಲ" ಅಂದ.

ಈ ಮಾತು ಬಿಡ್‌ನಲ್ಲಿ ಹಂಗೇ ಹಾಕಿದೀನಿ. ಮದುವೆಗೆ ಜನರೇಟರ್ ಬಾಡಿಗೆ ಕೊಡೋರನ್ನ ಕೇಳಿದೆ, ಮೇನ್ ಪ್ಯಾನೆಲ್ಲಿಂದ ಬೇರೆ ಲೈನ್ ಎಳೆದು ಸಾಲಿಗೊಂದು ಎಂಸಿಬಿ ಹಾಕಿ ಕೊಡ್ತಾರಂತೆ, ಅದೇ ಅಣ್ಣ ಮೂರು ದಿನ ಇಲ್ಲೇ ಇರ್ತೀನಿ ಅಂದಾನೆ.

ನೆಟ್‌ವರ್ಕ್ ಕಥೆ ಇನ್ನೂ ಚಂದ. ಕಾಲೇಜಿನ ವೈಫೈಗೆ ಯುಎಸ್‌ಎನ್ (ಹುಡುಗರ ರಿಜಿಸ್ಟರ್ ನಂಬರ್) ಹಾಕಿ ಲಾಗಿನ್ ಆಗಬೇಕು, ಆದ್ರೆ ದೂರದ ಕಂಪ್ಯೂಟರಿಗೆ ಲಾಗಿನ್ ಆಗೋ ಎಸ್‌ಎಸ್‌ಹೆಚ್ ಬ್ಲಾಕ್, ಇವರೆಲ್ಲ ಚಾಟ್ ಮಾಡೋ ಐಆರ್‌ಸಿ ಬ್ಲಾಕ್. ಡೆಬಿಯನ್ ಜನನ್ನ ಕರೆದು ಎಸ್‌ಎಸ್‌ಹೆಚ್ ಇಲ್ಲ ಅನ್ನೋದು ಬೀಗರನ್ನ ಕರೆದು ಎಲೆ ಹಾಕಿ ಅನ್ನ ಇಲ್ಲ ಅಂದಂಗೆ. ಅಲ್ಲಿ ಪ್ರತಿ ಟಾಕ್ ರೆಕಾರ್ಡ್ ಆಗುತ್ತೆ, ಆವಾಗಲೇ ಸ್ಟ್ರೀಮ್ ಆಗುತ್ತೆ, ಕ್ಯಾಮೆರಾ ಹಿಡಿಯೋರೂ ಮಿಕ್ಸ್ ಮಾಡೋರೂ ವಾಲಂಟಿಯರ್‌ಗಳೇ, ಹಂಗಾಗಿ ಡೌನ್‌ಲೋಡ್‌ಗಿಂತ ಅಪ್‌ಲೋಡ್ ಸ್ಪೀಡ್ ಮುಖ್ಯ. ಕಾಲೇಜಿನ ಲೈನ್ ಬಿಟ್ಟು ಬೇರೆ ಎರಡು ಫೈಬರ್ ಕನೆಕ್ಷನ್, ಎರಡೂ ಬೇರೆ ಬೇರೆ ಕಂಪನಿದು, ರಸ್ತೆ ಅಗೆದಾಗ ಒಂದು ಹೋದ್ರೂ ಇನ್ನೊಂದಿರಲಿ ಅಂತ. ನಮ್ಮೂರಲ್ಲಿ ರಸ್ತೆ ಅಗೆಯೋದು ನಿನಗೇನು ಹೊಸದಾಗಿ ಹೇಳಬೇಕಾ.

ತಾರೀಖಿನ ವಿಷಯದಲ್ಲಿ ಮಾತ್ರ ನನ್ನ ಬೆನ್ನು ನಾನೇ ತಟ್ಕೊಂಡೆ. ಹಾಸ್ಟೆಲ್ ನಂಬ್ಕೊಂಡ್ರೆ ಕಷ್ಟ, ವಿಟಿಯು (ಇಂಜಿನಿಯರಿಂಗ್ ಯೂನಿವರ್ಸಿಟಿ) ಪರೀಕ್ಷೆ ಯಾವಾಗ ಮುಂದೆ ಹೋಗುತ್ತೋ ದೇವರಿಗೇ ಗೊತ್ತು. ಆದ್ರೆ ಕಲ್ಯಾಣ ಮಂಟಪಗಳು? ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಮದುವೆ ಇಲ್ಲ. ಮಂಟಪ ಖಾಲಿ, ಅಡುಗೆ ಭಟ್ರು ಖಾಲಿ, ಶಾಮಿಯಾನದವರು ಖಾಲಿ, ಬಾಡಿಗೆಲೂ ಚೌಕಾಸಿ ಮಾಡಬಹುದು. ದೊಡ್ಡ ಡೆಬ್‌ಕಾನ್ಫ್ ಸಾಮಾನ್ಯವಾಗಿ ನಡೆಯೋ ಜುಲೈ ಸುಮಾರಿಗೆ ನಮಗೆ ಆಷಾಢ, ಆವಾಗಲೂ ಹಂಗೇ ಖಾಲಿ! ಪಂಚಾಂಗ ನೋಡಿ ಲಿನಕ್ಸ್ ಕಾನ್ಫರೆನ್ಸ್‌ಗೆ ಡೇಟ್ ಇಟ್ಟಿದ್ದು ನಾನೇ ಮೊದಲಿರಬೇಕು. ಮಂಟಪದಲ್ಲಿ ಮಲಗೋಕೆ ರೂಮು, ಕೆಳಗೆ ಊಟದ ಹಾಲು, ಬೀಗದ ಕೀನೂ ನಮ್ಮ ಕೈಗೇ ಕೊಡ್ತಾರೆ, ಹಂಗಾಗಿ ಎರಡನೇ ಪ್ರಶ್ನೆಗೂ ಉತ್ತರ ಸಿಕ್ತು: ಹ್ಯಾಕ್‌ಲ್ಯಾಬ್ ಮಂಟಪದಲ್ಲಿ, ಟಾಕ್‌ಗಳು ಕಾಲೇಜಲ್ಲಿ.

ಈಗ ದೋಸೆ. ನಿನ್ನ ಇಡೀ ವಾದ ನಿಂತಿದ್ದೇ ಅದರ ಮೇಲೆ ಅಲ್ವಾ. ಹೋಟ್ಲಿನವರ ಹತ್ರ ಹೋಗಿ 300 ಜನಕ್ಕೆ ಬೆಳಿಗ್ಗೆ ಬಿಸಿ ಬೆಣ್ಣೆದೋಸೆ ಆಗುತ್ತಾ ಕೇಳಿದೆ. ಅವರು ನಕ್ಕರು. ಒಂದು ಕಾವಲಿ ಮೇಲೆ ಒಂದು ಸಲಕ್ಕೆ 8 ದೋಸೆ, ಹುಯ್ದು ಬೆಣ್ಣೆ ಹಾಕಿ ತೆಗೆಯೋಕೆ 5 ನಿಮಿಷ, ಅಂದ್ರೆ ಗಂಟೆಗೆ 96. ಒಬ್ಬೊಬ್ಬರಿಗೆ ಎರಡು ಅಂದ್ರೆ ಗಂಟೆಗೆ 48 ಜನ. ಇಬ್ಬರು ಭಟ್ರು ಎರಡು ಕಾವಲಿ ಇಟ್ಟರೂ 300 ಜನಕ್ಕೆ ಮೂರು ಗಂಟೆ ಮೇಲಾಗುತ್ತೆ, ಅಷ್ಟೊತ್ತಿಗೆ ಮೊದಲು ತಿಂದೋನಿಗೆ ಮತ್ತೆ ಹಸಿವು. "ಮಾಡಿಟ್ಟು ಡಬ್ಬಿಲಿ ತಂದ್ರೆ ಅದು ಬೆಣ್ಣೆದೋಸೆ ಅಲ್ಲ ತಮ್ಮ, ರಬ್ಬರು" ಅಂದ್ರು ಯಜಮಾನ್ರು. ಹಂಗಾಗಿ ದೋಸೆ ಒಂದೇ ದಿನ, ಅದೂ ಸಂಜೆ, ಸಾಲಲ್ಲಿ ನಿಂತು ಮಾತಾಡ್ಕೊಂಡು ತಿನ್ನೋ ಹಂಗೆ. ಇನ್ನು ಇವರಲ್ಲಿ ವೀಗನ್ ಜನ ತುಂಬ, ಹಾಲು ಬೆಣ್ಣೆ ಮುಟ್ಟಲ್ಲ. ಬೆಣ್ಣೆ ಇಲ್ಲದ ಬೆಣ್ಣೆದೋಸೆ ಅಂದಿದ್ದಕ್ಕೆ ಯಜಮಾನ್ರು ನನ್ನ ಮುಖ ನೋಡಿದ ರೀತಿ ನಾನು ಸಾಯೋವರೆಗೂ ಮರೆಯಲ್ಲ. ಕೊನೆಗೆ ಕಡಲೆಕಾಯಿ ಎಣ್ಣೆಲಿ ಖಾಲಿ ದೋಸೆ ಅಂತ ರಾಜಿ ಆಯ್ತು.

ಡೆಬ್‌ಕಾನ್ಫ್‌ನಲ್ಲಿ ಚೀಸ್ ಅಂಡ್ ವೈನ್ ಪಾರ್ಟಿ ಅಂತ ಒಂದು ಸಂಪ್ರದಾಯ ಐತೆ, 2005ರಲ್ಲಿ ಹೆಲ್ಸಿಂಕಿಲಿ ಶುರುವಾಗಿದ್ದು, ಅವರವರ ಊರಿನ ತಿನ್ನೋ ಕುಡಿಯೋ ಪದಾರ್ಥ ತಂದು ಹಂಚ್ಕೋತಾರೆ. ಕಾಲೇಜ್ ಕ್ಯಾಂಪಸ್ಸಲ್ಲೂ ಆಗಲ್ಲ, ಮದುವೆ ಮಂಟಪದಲ್ಲೂ ಆಗಲ್ಲ. ನಾವು ಮಂಡಕ್ಕಿ ಮೆಣಸಿನಕಾಯಿ ಪಾರ್ಟಿ ಅಂತ ಬರೆದಿದೀವಿ. ಒಪ್ಪಿದ್ರೆ ಒಪ್ತಾರೆ.

ಡೇ ಟ್ರಿಪ್‌ಗೆ ನೀನು ಸೂಳೆಕೆರೆ ಅಂದಿದ್ದೆ. ಬೇಡ. ಕೊಚ್ಚಿಲಿ ಡೇ ಟ್ರಿಪ್ ದಿನವೇ ಅವರ ಬಳಗದ ಒಬ್ಬ ಹುಡುಗ ನೀರಲ್ಲಿ ಹೋಗಿಬಿಟ್ಟ. ನೀರಿನ ಹತ್ರ ನೂರಾರು ಜನನ್ನ ಕರ್ಕೊಂಡು ಹೋಗೋ ಧೈರ್ಯ ನನಗಿಲ್ಲ. ಚಿತ್ರದುರ್ಗದ ಕೋಟೆಗೆ ಹೋಗೋಣ, ಬಸ್ಸಲ್ಲಿ ಒಂದು ಗಂಟೆ ಚಿಲ್ಲರೆ ದಾರಿ, ಏಳು ಸುತ್ತು ನೋಡ್ಕೊಂಡು ಓಬವ್ವನ ಕಿಂಡಿಲಿ ಒಬ್ಬೊಬ್ಬರೇ ಬಗ್ಗಿ ತೂರಲಿ. ಡೆಬಿಯನ್‌ನ ಸೆಕ್ಯುರಿಟಿ ಟೀಮಿನವರಿಗೆ ಓಬವ್ವನ ಕಥೆ ಹಿಡಿಸುತ್ತೆ ಅಂತ ನನ್ನ ಲೆಕ್ಕ, ಇಡೀ ಕೋಟೇಲಿ ಬಿಟ್ಟಿದ್ದ ಒಂದೇ ಒಂದು ಪೋರ್ಟ್ (ಕಂಪ್ಯೂಟರಿಗೆ ಹೊರಗಿಂದ ಒಳಗೆ ಬರೋ ಕಿಂಡಿಗೆ ಹಂಗಂತಾರೆ), ಅಲ್ಲಿ ಒನಕೆ ಹಿಡಿದು ನಿಂತೋಳು ಒಬ್ಬಳೇ.

ಕಾಲೇಜಿನ ದೊಡ್ಡವರ ಜೊತೆ ಮೀಟಿಂಗ್ ಆಯ್ತು. ಹಾಲ್ ಕೊಡ್ತೀವಿ ಅಂದ್ರು, ಖುಷಿಯಿಂದಲೇ. ಆಮೇಲೆ "ಉದ್ಘಾಟನೆಗೆ ಯಾರನ್ನ ಕರೆಸ್ತೀರಿ?" ಅಂದ್ರು. ಉದ್ಘಾಟನೆ ಇಲ್ಲ ಸರ್, ಬೆಳಿಗ್ಗೆ 10ಕ್ಕೆ ಒಬ್ಬರು ಬಂದು ಟಾಯ್ಲೆಟ್ ಎಲ್ಲಿ, ಊಟ ಎಷ್ಟೊತ್ತಿಗೆ ಅಂತ ಹೇಳ್ತಾರೆ, ಅಷ್ಟೇ ಅಂದೆ. ಐದು ನಿಮಿಷ ಯಾರೂ ಮಾತಾಡಲಿಲ್ಲ. ವೇದಿಕೆ ಮೇಲೆ 14 ಕುರ್ಚಿ, ಹಾರ, ಶಾಲು, ಸ್ಮರಣಿಕೆ, ಇದು ಇಲ್ಲದ ಕಾರ್ಯಕ್ರಮಕ್ಕೆ ಫೈಲ್ ಹೆಂಗೆ ಮೂವ್ ಆಗುತ್ತೆ ಅನ್ನೋದು ಅವರ ಚಿಂತೆ, ಅದೂ ಸುಳ್ಳಲ್ಲ. ಕೊನೆಗೆ ಹಿಂದಿನ ದಿನ ಕಾಲೇಜಿನದೇ ಒಂದು ಗಂಟೆ ಕಾರ್ಯಕ್ರಮ ಮಾಡ್ಕೊಳ್ಳಿ, ನಾವು ಬಂದು ಕೂರ್ತೀವಿ ಅಂದೆ. ನೀನು ಬಯ್ತೀಯ ಅಂತ ಗೊತ್ತು, ಆದ್ರೆ ಹಾಲ್ ಬಾಡಿಗೆ ಉಳೀತು.

ದುಡ್ಡು. ಇಲ್ಲೇ ನೋಡು ನಾನು ತಣ್ಣಗಾಗಿದ್ದು. ಕೊಚ್ಚಿಗೆ 470ಕ್ಕೂ ಹೆಚ್ಚು ಜನ ಬಂದಿದ್ರು, ಅದಕ್ಕೂ ಮುಂಚೆ ಒಂದು ವಾರ ಕೂತು ಕೆಲಸ ಮಾಡೋ ಡೆಬ್‌ಕ್ಯಾಂಪ್ ಬೇರೆ. ವಿದೇಶದವರಿಗೆ ಕಾನ್ಫರೆನ್ಸ್ ವೀಸಾ, ಅದಕ್ಕೆ ಕೇಂದ್ರ ಗೃಹ ಇಲಾಖೆಯ ಕ್ಲಿಯರೆನ್ಸ್, ಕೈಯಿಂದ ಹಾಕ್ಕೊಂಡು ಬರೋಕೆ ಆಗದೇ ಇರೋರಿಗೆ ಟ್ರಾವೆಲ್ ಬರ್ಸರಿ, ಅಂದ್ರೆ ಓಡಾಟದ ಖರ್ಚು. ವಿದೇಶದಿಂದ ದೇಣಿಗೆ ತಗೋಬೇಕು ಅಂದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರಬೇಕು, 2020ರ ತಿದ್ದುಪಡಿ ಆದ ಮೇಲೆ ಆ ದುಡ್ಡು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ನಮ್ಮ ಹತ್ರ ಇರೋದು ಒಂದು ವಾಟ್ಸಾಪ್ ಗ್ರೂಪು, ಅದರಲ್ಲಿ 11 ಜನ, ಮಾತಾಡೋರು ಮೂವರು, ಉಳಿದವರು ಥಂಬ್ಸ್ ಅಪ್.

ಅದಕ್ಕೆ ನಾನು ಬರೆದಿದ್ದನ್ನ ಹಂಗೇ ಇಟ್ಟು ತಲೆಬರಹ ಬದಲಾಯಿಸಿದೆ. ಈಗ ಅದು ಮಿನಿಡೆಬ್‌ಕಾನ್ಫ್ ಬಿಡ್, ಅಂದ್ರೆ ಡೆಬ್‌ಕಾನ್ಫ್‌ನ ಚಿಕ್ಕ ತಮ್ಮ. ಧನುರ್ಮಾಸದಲ್ಲಿ, ಎರಡು ದಿನ, 150 ಜನ, ಎಲ್ಲ ಇಲ್ಲಿನವರೇ, ವೀಸಾ ಗೋಜಿಲ್ಲ. ಇದು ಸೋಲು ಅನ್ಕೋಬೇಡ. ಬೆಂಗಳೂರಲ್ಲಿ ಇಂಥದ್ದು ನಡೀತಾನೇ ಇರ್ತವೆ, ಆದ್ರೆ ಜಗಳೂರಿಂದ, ಹರಪನಹಳ್ಳಿಯಿಂದ ದಿನಾ ಬಸ್ಸಲ್ಲಿ ಕಾಲೇಜಿಗೆ ಬರೋ ಹುಡುಗಿನ್ನ ಎರಡು ರಾತ್ರಿ ಬೆಂಗಳೂರಿಗೆ ಕಳಿಸೋ ಅಪ್ಪ ಅಮ್ಮ ಎಷ್ಟು ಜನ ಹೇಳು. ಇಲ್ಲಾದ್ರೆ ಸಂಜೆ ಬಸ್ಸಿಗೆ ಮನೆ ಸೇರ್ತಾಳೆ. ಒಂದು ಅರ್ಧ ದಿನ ಪೂರ್ತಿ ಕನ್ನಡಕ್ಕೆ ಇಟ್ಟಿದೀವಿ. ಡೆಬಿಯನ್ನಲ್ಲಿ ಗುಬ್ಬಿ, ನವಿಲು ಅಂತ ಕನ್ನಡ ಫಾಂಟ್ ಪ್ಯಾಕೇಜ್‌ಗಳು ಐತವೆ ಅಂತ ಹೇಳಿದ್ರೆ ಮೂರನೇ ವರ್ಷದ ಹುಡುಗರೇ ನಂಬಲಿಲ್ಲ, ಇನ್‌ಸ್ಟಾಲ್ ಮಾಡಿ ಅವರ ಹೆಸರು ಟೈಪ್ ಮಾಡಿ ತೋರಿಸಬೇಕಾಯ್ತು. ಅಲ್ಲಿಂದ ಒಂದು ಬಗ್ ರಿಪೋರ್ಟ್ (ಸಾಫ್ಟ್‌ವೇರಲ್ಲಿ ಕಂಡ ತಪ್ಪಿನ ವರದಿ) ಬರೆಯೋಕೆ ಕಲಿಸಿದ್ರೂ ಸಾಕು, ನನಗೆ.

ಮೂರನೇ ಪ್ರಶ್ನೆ ಇನ್ನೂ ಹಂಗೇ ಐತೆ. ಬಿಡ್‌ನಲ್ಲಿ ಯಾವ ಕೆಲಸ ಯಾರದ್ದು ಅಂತ ಒಂದು ಪಟ್ಟಿ, ಪ್ರತಿ ಕೆಲಸಕ್ಕೂ ಎರಡು ಹೆಸರು, ಒಬ್ಬ ಬಿಟ್ರೆ ಇನ್ನೊಬ್ಬ. ಹಾಲ್, ಊಟ, ವಿಡಿಯೋ, ನೆಟ್‌ವರ್ಕ್ ಎಲ್ಲ ತುಂಬೈತೆ. ದುಡ್ಡಿನ ಲೆಕ್ಕದ ಮುಂದೆ ಒಂದೇ ಹೆಸರು, ನಂದು. ನನಗೆ ಜಿಎಸ್‌ಟಿ ಬಿಲ್ಲು ನೋಡಿದ್ರೆ ತಲೆ ತಿರುಗುತ್ತೆ ಅಂತ ನಿನಗೆ ಗೊತ್ತು, ಡಿಪ್ಲೊಮಾದಲ್ಲಿ ಟ್ರಿಪ್ ದುಡ್ಡು ಲೆಕ್ಕ ತಪ್ಪಿ ನಿನ್ನ ಜೇಬಿಂದ 700 ರೂಪಾಯಿ ಹೋಗಿದ್ದು ಇನ್ನೂ ಹೇಳ್ಕೊಂಡು ತಿರುಗ್ತೀಯಲ್ಲ. ಸ್ಪಾನ್ಸರ್ ಹುಡುಕಿಕೊಡು, ನಿಮ್ಮ ಕಂಪನಿಲಿ ಹೇಳು ಅಂತೆಲ್ಲ ಕೇಳ್ತಿಲ್ಲ ಕಣಪ್ಪ. ವರ್ಷ ಪೂರ್ತಿ, ವಾರಕ್ಕೆ ಎರಡು ಗಂಟೆ, ಬಂದಿದ್ದೆಷ್ಟು ಹೋಗಿದ್ದೆಷ್ಟು ಅಂತ ಶೀಟಲ್ಲಿ ಬರೆಯೋ ಬೇಜಾರಿನ ಕೆಲಸ, ಯಾರೂ ಚಪ್ಪಾಳೆ ತಟ್ಟಲ್ಲ. ನಿನ್ನ ಹೆಸರು ಪೆನ್ಸಿಲ್ಲಲ್ಲಿ ಬರೆದಿದೀನಿ. ಆಗಲ್ಲ ಅಂದ್ರೆ ಈಗಲೇ ಅನ್ನು, ಅಳಿಸ್ತೀನಿ, ಬೇಜಾರಿಲ್ಲ, ಆದ್ರೆ ಸೆಪ್ಟೆಂಬರ್‌ನಲ್ಲಿ ಬಂದು ಆಫೀಸಲ್ಲಿ ಪ್ರೆಷರ್ ಅನ್ನಬೇಡ.

ಮುಂದಿನ ಭಾನುವಾರ ಮಂಟಪದ ನೀರಿನ ಟ್ಯಾಂಕ್ ನೋಡೋಕೆ ಹೋಗ್ತಿದೀವಿ, ಬೆಳಿಗ್ಗೆ ಒಟ್ಟಿಗೆ 20 ನಲ್ಲಿ ಬಿಟ್ರೆ ಮೂರನೇ ಮಹಡಿಗೆ ನೀರು ಹತ್ತುತ್ತಾ ಅಂತ. ನಲ್ಲಿ ತಿರುಗಿಸೋಕೆ ಒಬ್ಬ ಕಮ್ಮಿ ಇದಾನೆ. ಶನಿವಾರ ರಾತ್ರಿ ಬಸ್ ಹತ್ತು. ಹಂಗೇ ಅತ್ತೆ ಮನೆ ಇಸ್ತ್ರಿ ಪೆಟ್ಟಿಗೆ ಇನ್ನೂ ವಾಪಸ್ ಕೊಟ್ಟಿಲ್ಲ, ಒದ್ದೆ ಟವೆಲ್ ಅಂಟ್ಕೊಂಡು ತಳ ಕಪ್ಪಾಗೈತೆ, ಬರ್ತಾ ಅದನ್ನ ಉಜ್ಜೋಕೆ ಏನಾದ್ರೂ ಸಿಕ್ಕಿದ್ರೆ ತಗೊಂಡು ಬಾ.

ನಿನ್ನ
ದೋಸ್ತ